ವರ್ಗೀಕರಣದ ಬಾಗಿಲುಗಳು: ಹಾಸನ ಸೀಮೆಯಿಂದ ಪ್ಯಾರಾಲಿಂಪಿಕ್ಸ್‌ಗೆ

ಹಾಸನಕ್ಕೂ ಸಕಲೇಶಪುರಕ್ಕೂ ನಡುವೆ ಇರುವ ಆಲೂರು ಸಣ್ಣ ತಾಲ್ಲೂಕು. ಭತ್ತ, ಶುಂಠಿ, ಕಾಫಿಗೆ ಹೆಸರೇ ಹೊರತು ಕ್ರೀಡೆಗಲ್ಲ. ಆದರೂ ಈ ಊರನ್ನು ನಡುವೆ ಇಟ್ಟುಕೊಂಡು ಅಕ್ಕಪಕ್ಕ ನೋಡಿದರೆ, 2012ರಿಂದ 2024ರವರೆಗಿನ ಭಾರತದ ಪ್ಯಾರಾಲಿಂಪಿಕ್ಸ್ ಚರಿತ್ರೆಯಲ್ಲಿ ಬಿಡಲಾಗದ ಮೂವರು ಸಿಗುತ್ತಾರೆ: ಹಾಸನ ಜಿಲ್ಲೆಯ ಹೈಜಂಪ್ ಪಟು ಎಚ್.ಎನ್. ಗಿರೀಶ, ಹಾಸನದಲ್ಲಿ ಹುಟ್ಟಿದ ಬ್ಯಾಡ್ಮಿಂಟನ್ ಆಟಗಾರ ಸುಹಾಸ್ ಎಲ್.ವೈ., ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಓಟಗಾರ್ತಿ ರಕ್ಷಿತಾ ರಾಜು. ಮೂವರ ಬಗ್ಗೆಯೂ ಪತ್ರಿಕೆಗಳು ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು: ಛಲ. ಛಲ ಇಲ್ಲದೆ ಆಗುವ ಕೆಲಸವಲ್ಲ, ಒಪ್ಪೋಣ. ಆದರೆ ಛಲದವರು 1960ರಲ್ಲೂ ಇದ್ದರು. ಆ ವರ್ಷದ ಕೂಟಕ್ಕೆ ಈ ಮೂವರಲ್ಲಿ ಒಬ್ಬರಿಗೂ ಪ್ರವೇಶ ಇರುತ್ತಿರಲಿಲ್ಲ. ಹೀಗಾಗಿ ಈ ಲೇಖನ ಕೇಳುವ ಪ್ರಶ್ನೆ ಬೇರೆ: ಯಾವ ನಿಯಮ ಯಾವಾಗ ಸಡಿಲವಾಯಿತು, ಆಗ ಯಾರು ಒಳಗೆ ಬಂದರು?

ಕೂಟದ ಮೂಲ ಆಸ್ಪತ್ರೆಯಲ್ಲಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಲುಡ್ವಿಗ್ ಗಟ್‌ಮನ್, 1948ರ ಜುಲೈ 29ರಂದು 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅದೇ ದಿನ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಮೊದಲ ಪ್ಯಾರಾಲಿಂಪಿಕ್ಸ್ ಎಂದು ಈಗ ಲೆಕ್ಕ ಹಿಡಿಯುವ 1960ರ ರೋಮ್ ಕೂಟದಲ್ಲಿ 23 ದೇಶಗಳ ಸುಮಾರು 400 ಮಂದಿ ಇದ್ದರು, ಎಲ್ಲರೂ ಗಾಲಿಕುರ್ಚಿಯವರೇ. ಭಾರತ 1968ರಲ್ಲಿ ಟೆಲ್ ಅವೀವ್‌ಗೆ ಹೋಯಿತು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಮುರಳಿಕಾಂತ್ ಪೇಟ್ಕರ್ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದರು. ಅವರೂ 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ, ಗಟ್‌ಮನ್ನರ ಕಲ್ಪನೆಗೆ ತಕ್ಕ ಕ್ರೀಡಾಪಟು. ಕೈಕಾಲು ಕಳೆದುಕೊಂಡವರಿಗೂ ದೃಷ್ಟಿದೋಷ ಇರುವವರಿಗೂ ಬಾಗಿಲು ತೆರೆದದ್ದು 1976ರ ಟೊರಾಂಟೊದಲ್ಲಿ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು ರೋಮ್ ಅಲ್ಲ, ಟೊರಾಂಟೊ.

ಕರ್ನಾಟಕದ ಅಧ್ಯಾಯ ಬೆಂಗಳೂರಿನಲ್ಲಿ ಶುರುವಾಗುತ್ತದೆ. ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಮಾಲತಿ ಹೊಳ್ಳ 1988ರಲ್ಲಿ ಸೋಲ್‌ಗೆ ಹೋದರು. ಒಲಿಂಪಿಕ್ಸ್ ನಡೆದ ಅಂಗಳದಲ್ಲೇ ಪ್ಯಾರಾಲಿಂಪಿಕ್ಸ್ ಕೂಡ ನಡೆಯುವ ಈಗಿನ ರೂಢಿ ಬೇರೂರಿದ್ದು ಆ ಕೂಟದಿಂದ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಹುಟ್ಟಿದ್ದು ಅದರ ಮರುವರ್ಷ. ಮಾಲತಿಯವರಿಗೆ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಸಂದವು. ಮುಂದೆ ಬೆಂಗಳೂರಿನ ಈಜುಪಟು ಶರತ್ ಗಾಯಕವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕೂಟದಲ್ಲಿ ಆರು ಪದಕ ತಂದರು. ತರಬೇತಿ, ತರಬೇತುದಾರರು, ಸಿಂಥೆಟಿಕ್ ಟ್ರ್ಯಾಕ್ ಎಲ್ಲ ಬಹುಮಟ್ಟಿಗೆ ರಾಜಧಾನಿಯಲ್ಲೇ ಇದ್ದ ಕಾಲ ಅದು. ಹಾಸನ ಸೀಮೆಯ ಹುಡುಗರು ಬೆಂಗಳೂರು ಬಸ್ಸು ಹತ್ತಲೇಬೇಕಿತ್ತು.

ಹಾಗೆ ಹೋದವರು ಗಿರೀಶ. ಹುಟ್ಟಿನಿಂದಲೇ ಎಡಗಾಲಿನ ದೋಷ. ತರಬೇತಿ ಕೊಟ್ಟವರು ಸತ್ಯನಾರಾಯಣ. ಮುಂದೆ 2016ರ ರಿಯೊದಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಕೂಡ ಅವರ ಶಿಷ್ಯರೇ. 2012ರ ಸೆಪ್ಟೆಂಬರ್ 3ರಂದು ಲಂಡನ್ನಿನಲ್ಲಿ ನಡೆದ ಎಫ್-42 ಹೈಜಂಪ್ ಫೈನಲ್ ಈ ಲೇಖನದ ವಾದಕ್ಕೆ ಒಳ್ಳೆಯ ಸಾಕ್ಷಿ. ಫಿಜಿ ದ್ವೀಪದ ಇಲಿಯೆಸಾ ಡೆಲಾನಾ, ಗಿರೀಶ, ಪೋಲೆಂಡಿನ ಲುಕಾಸ್ ಮಾಮ್‌ಚಾರ್ಜ್, ಮೂವರೂ ದಾಟಿದ್ದು ಒಂದೇ ಎತ್ತರ, 1.74 ಮೀಟರ್. ಡೆಲಾನಾಗೆ ಇದ್ದದ್ದು ಒಂದೇ ಕಾಲು. ಕೃತಕ ಕಾಲು ಹಾಕದೆ ಕುಂಟುತ್ತಲೇ ಓಡಿಬಂದು ಜಿಗಿಯುತ್ತಿದ್ದರು. ಗಿರೀಶ ಬಾರ್‌ಗೆ ಬೆನ್ನು ಕೊಡದೆ, ಕಾಲುಗಳನ್ನು ಕತ್ತರಿಯಂತೆ ಒಂದರ ಹಿಂದೊಂದು ಎತ್ತಿ ಹಾಯುತ್ತಿದ್ದರು. ಎತ್ತರ ಸಮವಾದ್ದರಿಂದ ತಪ್ಪಿದ ಪ್ರಯತ್ನಗಳನ್ನು ಎಣಿಸಿ ಪದಕ ಹಂಚಿದರು: ಡೆಲಾನಾಗೆ ಚಿನ್ನ, ಗಿರೀಶರಿಗೆ ಬೆಳ್ಳಿ. ಆ ಚಿನ್ನ ಫಿಜಿಯ ಪಾಲಿಗೆ ಮೊದಲನೆಯದು; ಆ ಬೆಳ್ಳಿ ಲಂಡನ್‌ನಲ್ಲಿ ಭಾರತಕ್ಕೆ ಬಂದ ಏಕೈಕ ಪದಕ. 2013ರಲ್ಲಿ ಗಿರೀಶರಿಗೆ ಪದ್ಮಶ್ರೀ ಬಂತು.

ಕಾಲೇ ಇಲ್ಲದವರೂ ಕಾಲಿದ್ದು ಬಲ ಇಲ್ಲದವರೂ ಒಂದೇ ವರ್ಗದಲ್ಲಿ ಸೆಣಸುವುದು ನ್ಯಾಯವೇ? ಹೊರಗಿನಿಂದ ನೋಡಿದವರಿಗೆ ಈ ಅನುಮಾನ ಸಹಜ. ವರ್ಗೀಕರಣ ಅಳೆಯುವುದು ದೋಷವನ್ನಲ್ಲ, ಆ ದೋಷ ಆ ಆಟಕ್ಕೆ ಎಷ್ಟು ಅಡ್ಡಿ ಎಂಬುದನ್ನು. ಆ ಲೆಕ್ಕ ಕಾಲಕಾಲಕ್ಕೆ ಬದಲಾಗುತ್ತಲೂ ಇರುತ್ತದೆ. ಲಂಡನ್ನಿನಲ್ಲಿ ಎಫ್-42 ಆಗಿದ್ದ ಸ್ಪರ್ಧೆ ರಿಯೊದಲ್ಲಿ ಟಿ-42 ಆಯಿತು, ಟೋಕಿಯೊ ಹೊತ್ತಿಗೆ ಟಿ-63.

ಸುಹಾಸ್ ಅವರ ದಾರಿ ಬೇರೆ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, 2007ರಲ್ಲಿ ಐಎಎಸ್ ಸೇರಿ ಉತ್ತರ ಪ್ರದೇಶಕ್ಕೆ ಹೋದವರು. ಪಾದದ ಕೀಲಿನ ದೋಷ ಅವರನ್ನು ಎಸ್‌ಎಲ್-4 ವರ್ಗಕ್ಕೆ ಸೇರಿಸುತ್ತದೆ. ಸಿಂಗಲ್ಸ್‌ನಲ್ಲಿ ಎಸ್‌ಎಲ್-3ರವರಿಗೆ ಅರ್ಧ ಅಂಕಣ, ಎಸ್‌ಎಲ್-4ರವರಿಗೆ ಪೂರ್ತಿ. 2016ರಲ್ಲೇ ಏಷ್ಯನ್ ಚಾಂಪಿಯನ್ ಆದರೂ ಆ ವರ್ಷದ ಪ್ಯಾರಾಲಿಂಪಿಕ್ಸ್‌ಗೆ ಅವರು ಹೋಗುವಂತಿರಲಿಲ್ಲ. ಬ್ಯಾಡ್ಮಿಂಟನ್ ಅಲ್ಲಿ ಇರಲೇ ಇಲ್ಲ. ಅದು ಸೇರಿದ್ದು ಕೊರೊನಾದಿಂದ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಗೌತಮಬುದ್ಧ ನಗರದ ಜಿಲ್ಲಾಧಿಕಾರಿಯಾಗಿದ್ದಾಗಲೇ ಫೈನಲ್ ತಲುಪಿ, ಫ್ರಾನ್ಸಿನ ಲೂಕಾ ಮಾಜುರ್ ಎದುರು ಮೊದಲ ಗೇಮ್ 21-15ರಲ್ಲಿ ಗೆದ್ದು, ಮುಂದಿನ ಎರಡನ್ನು 17-21, 15-21ರಲ್ಲಿ ಬಿಟ್ಟುಕೊಟ್ಟರು. 2024ರ ಪ್ಯಾರಿಸ್‌ನಲ್ಲೂ ಬೆಳ್ಳಿ, ಎದುರಾಳಿಯೂ ಅವರೇ.

ರಕ್ಷಿತಾ ಬಂದದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಿಂದ. ಅವರು ಓಡುವ ಟಿ-11 ವರ್ಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು, ಅಲ್ಪಸ್ವಲ್ಪ ಬೆಳಕು ಕಾಣುವವರೂ. ಗೈಡ್ ಜೊತೆಗೆ ಕೈಗೆ ಹಗ್ಗ ಕಟ್ಟಿಕೊಂಡು ಓಡಬೇಕು. ಗೆರೆ ಮುಟ್ಟುವಾಗ ಗೈಡ್ ಮುಂದಿದ್ದರೆ ಓಟ ಅನರ್ಹ. ಅಂದರೆ ಓಟಗಾರ್ತಿಗಿಂತ ವೇಗವಾಗಿ ಓಡಬಲ್ಲ, ಆದರೂ ಮುನ್ನುಗ್ಗದ ಒಬ್ಬರು ವರ್ಷಗಟ್ಟಲೆ ಜೊತೆಗಿರಬೇಕು. ರಾಹುಲ್ ಬಾಲಕೃಷ್ಣ ಆ ಜೊತೆಗಾರ. 2018ರ ಜಕಾರ್ತ, 2023ರಲ್ಲಿ ನಡೆದ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಕೂಟಗಳಲ್ಲಿ 1500 ಮೀಟರ್ ಚಿನ್ನ ಗೆದ್ದ ರಕ್ಷಿತಾ, 2024ರಲ್ಲಿ ಪ್ಯಾರಿಸ್‌ಗೂ ಹೋದರು. ಪದಕ ಬರಲಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ವಿಕಲಚೇತನರಿಗೆ ನಮ್ಮಲ್ಲಿ ಎರಡು ಅಳತೆಗೋಲು. ಸರ್ಕಾರದ್ದು ಶೇಕಡಾವಾರು, ಸೌಲಭ್ಯಕ್ಕೆ ಸಾಮಾನ್ಯವಾಗಿ ಶೇ 40 ಬೇಕು. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರದ್ದರಲ್ಲಿ 21. ಪ್ಯಾರಾಲಿಂಪಿಕ್ ಸಮಿತಿ ಒಪ್ಪುವುದು 10 ಬಗೆಯ ದೋಷಗಳನ್ನು ಮಾತ್ರ, ಶೇಕಡಾವಾರು ಅಲ್ಲಿ ನಡೆಯುವುದಿಲ್ಲ. ಟೋಕಿಯೊದಲ್ಲಿ ಭಾರತದ ವಿನೋದ್ ಕುಮಾರ್ ಡಿಸ್ಕಸ್ ಎಸೆತದಲ್ಲಿ ಕಂಚು ಗೆದ್ದ ಮೇಲೂ, ಎಫ್-52 ವರ್ಗಕ್ಕೆ ಸೇರುವುದಿಲ್ಲವೆಂದು ಪದಕ ಕೈತಪ್ಪಿತು. ಆಲೂರಿನ ಕಿವಿ ಕೇಳದ ಹುಡುಗ ಎಷ್ಟೇ ಜೋರಾಗಿ ಓಡಲಿ, ಸರ್ಕಾರದ ಗುರುತಿನ ಚೀಟಿ ಕೈಯಲ್ಲಿರಲಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಅವನಿಗೆ ವರ್ಗವೇ ಇಲ್ಲ. ಅವನ ಕೂಟ ಡೆಫ್ಲಿಂಪಿಕ್ಸ್. ಅದು ಪ್ಯಾರಿಸ್‌ನಲ್ಲಿ ಶುರುವಾದದ್ದು 1924ರಲ್ಲಿ, ಗಟ್‌ಮನ್ನರ ಬಿಲ್ಲುಗಾರರಿಗಿಂತ 24 ವರ್ಷ ಮೊದಲು.