ಬೀದಿಯದರ್ಧ, ಮನೆಯದರ್ಧ: ಸೀಸದ ನೀರಿನ ಪೈಪಿನ ಕಥೆ

2015ರ ಆರಂಭದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಲೀಆನ್ ವಾಲ್ಟರ್ಸ್ ಎಂಬ ತಾಯಿಯ ಮನೆಯ ನಲ್ಲಿ ನೀರನ್ನು ನಗರಾಡಳಿತ ಪರೀಕ್ಷೆ ಮಾಡಿಸಿತು. ಒಂದು ಲೀಟರ್ ನೀರಿನಲ್ಲಿ 104 ಮೈಕ್ರೋಗ್ರಾಂ ಸೀಸ ಸಿಕ್ಕಿತು. ಇನ್ನೊಮ್ಮೆ ಪರೀಕ್ಷಿಸಿದಾಗ 397. ಆಗ ಅಮೆರಿಕದಲ್ಲಿ ಸರಬರಾಜು ಸಂಸ್ಥೆ ಕ್ರಮಕ್ಕೆ ಮುಂದಾಗಬೇಕಾದ ಮಟ್ಟ 15. ತೊಂದರೆ ಮನೆಯೊಳಗಿನ ಪೈಪುಗಳದ್ದೇ ಇರಬೇಕು ಎಂಬ ಮಾತು ಬಂತು. ಆದರೆ ಆ ಮನೆಯೊಳಗಿನ ಪೈಪುಗಳು ಪ್ಲಾಸ್ಟಿಕ್ಕಿನವು. ಸೀಸ ಬರುತ್ತಿದ್ದದ್ದು ಮನೆಗೂ ಬೀದಿಗೂ ನಡುವೆ ನೆಲದಡಿ ಮಲಗಿದ್ದ ಹಳೆಯ ಕೊಳವೆಯಿಂದ.

ಬೀದಿಯ ಮುಖ್ಯ ಕೊಳವೆಯಿಂದ ಒಂದೊಂದು ಮನೆಗೂ ನೀರು ತರುವ ಈ ಸಣ್ಣ ಕೊಳವೆಯನ್ನು ಅಲ್ಲಿ ‘ಸರ್ವಿಸ್ ಲೈನ್’ ಎನ್ನುತ್ತಾರೆ. ಉದ್ದ ಹೆಚ್ಚೇನಿಲ್ಲ, ಕೆಲವು ಮೀಟರುಗಳಿಂದ ಹತ್ತಿಪ್ಪತ್ತು ಮೀಟರು. ಆದರೂ ಅದನ್ನು ಕಿತ್ತು ಬದಲಾಯಿಸುವುದು ಒಂದು ದೇಶಕ್ಕೆ ದಶಕಗಟ್ಟಲೆ ಬಗೆಹರಿಯದ ಸಮಸ್ಯೆಯಾಯಿತು. ಕಾರಣ ಲೋಹವಷ್ಟೇ ಅಲ್ಲ. ಈ ಕೊಳವೆಯ ಮಧ್ಯೆ ಕಣ್ಣಿಗೆ ಕಾಣದ ಒಂದು ಗಡಿ ಇದೆ. ಹೆಚ್ಚಿನ ಊರುಗಳಲ್ಲಿ ಗಡಿಯ ಆಚೆಯದು ನೀರು ಸರಬರಾಜು ಸಂಸ್ಥೆಯ ಸ್ವತ್ತು, ಈಚೆಯದು ಮನೆಯ ಮಾಲೀಕರದು.

ಸೀಸ ಕೆಟ್ಟದ್ದೆಂಬುದು ಹೊಸ ತಿಳಿವಳಿಕೆಯಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೆಲಸಗಾರರ ಮೈ ಬಿಳಿಚಿಕೊಂಡಿರುವುದನ್ನು ಗಮನಿಸಿ, ಕುಡಿಯುವ ನೀರಿಗೆ ಮಣ್ಣಿನ ಕೊಳವೆಯೇ ಒಳ್ಳೆಯದೆಂದು ಬರೆದಿದ್ದ. ರೋಮನ್ನರು ಆ ಮಾತು ಕೇಳಲಿಲ್ಲ. ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಂ’ ಎಂದು ಹೆಸರು. ಇಂದು ನಲ್ಲಿ ರಿಪೇರಿಗೆ ಬರುವ ಪ್ಲಂಬರಿಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನಗರಗಳು ಮನೆಮನೆಗೆ ನೀರು ಕೊಡಲು ಹೊರಟಾಗ ಸೀಸವನ್ನು ಆರಿಸಿಕೊಳ್ಳಲು ಕಾರಣಗಳಿದ್ದವು. ಕಬ್ಬಿಣಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತಿತ್ತು. ಮೆತ್ತನೆಯ ಲೋಹವಾದ್ದರಿಂದ ಬೇಕಾದಂತೆ ಬಗ್ಗುತ್ತಿತ್ತು, ನೆಲ ಕುಸಿದರೂ ಒಡೆಯುತ್ತಿರಲಿಲ್ಲ. 1900ರ ಹೊತ್ತಿಗೆ 30,000ಕ್ಕಿಂತ ಹೆಚ್ಚು ಜನರಿದ್ದ ಅಮೆರಿಕದ ನಗರಗಳಲ್ಲಿ ಶೇ. 70ಕ್ಕೂ ಹೆಚ್ಚು ಕಡೆ ಸೀಸದ ಕೊಳವೆಗಳಿದ್ದವು. ಅಷ್ಟರಲ್ಲಿ ಎಚ್ಚರಿಕೆಯೂ ಕೇಳಿಬಂದಿತ್ತು. ಸೀಸದ ಕೊಳವೆ ಬೇಡವೆಂದು ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯ ಮಂಡಳಿ 1890ರಲ್ಲೇ ಸಲಹೆ ಕೊಟ್ಟಿತ್ತು. 1920ರ ದಶಕದ ವೇಳೆಗೆ ಹಲವು ನಗರಗಳು ಸೀಸವನ್ನು ಬಿಡತೊಡಗಿದವು.

ಆಗ ಸೀಸದ ವ್ಯಾಪಾರ ತನ್ನ ರಕ್ಷಣೆಗೆ ನಿಂತಿತು. 1928ರಲ್ಲಿ ಹುಟ್ಟಿದ ‘ಲೆಡ್ ಇಂಡಸ್ಟ್ರೀಸ್ ಅಸೋಸಿಯೇಷನ್’ ಪ್ಲಂಬರುಗಳ ಸಂಘಗಳನ್ನೂ ನಗರಗಳ ಅಧಿಕಾರಿಗಳನ್ನೂ ಕಂಡು, ಕಟ್ಟಡ ನಿಯಮಗಳಲ್ಲಿ ಸೀಸದ ಪೈಪಿಗೆ ಜಾಗ ಉಳಿಸಲು ವರ್ಷಗಟ್ಟಲೆ ದುಡಿಯಿತು. ಷಿಕಾಗೋ ನಗರದ ನಿಯಮಗಳಂತೂ ಮನೆಯ ಸಂಪರ್ಕಕ್ಕೆ ಸೀಸವನ್ನೇ ಕಡ್ಡಾಯ ಮಾಡಿದ್ದವು. ಅದು ನಿಂತದ್ದು 1986ರಲ್ಲಿ, ಅಮೆರಿಕದ ಸಂಸತ್ತು ಹೊಸ ಸೀಸದ ಕೊಳವೆಗಳನ್ನು ದೇಶಾದ್ಯಂತ ನಿಷೇಧಿಸಿದ ಮೇಲೆ. ನೆಲದಡಿ ಈಗಾಗಲೇ ಇದ್ದ ಕೊಳವೆಗಳು ಇದ್ದಲ್ಲೇ ಉಳಿದವು.

ಹಳೆಯ ಸೀಸದ ಕೊಳವೆ ಎಲ್ಲ ಕಾಲದಲ್ಲೂ ವಿಷ ಬಿಡುವುದಿಲ್ಲ. ವರ್ಷಗಳು ಕಳೆದಂತೆ ಒಳಗೋಡೆಯ ಮೇಲೆ ಸೀಸದ ಲವಣಗಳ ಪದರವೊಂದು ಕಟ್ಟಿಕೊಳ್ಳುತ್ತದೆ. ಅದು ಗಟ್ಟಿಯಾಗಿದ್ದಷ್ಟು ದಿನ ಲೋಹ ನೀರಿಗೆ ಇಳಿಯುವುದು ಕಡಿಮೆ. ನೀರಿನ ರಸಾಯನ ಬದಲಾದರೆ ಪದರ ಕರಗುತ್ತದೆ. 2000ದ ಕೊನೆಯಲ್ಲಿ ವಾಷಿಂಗ್ಟನ್ ನಗರದ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಬೆರೆಸತೊಡಗಿದ ಮೇಲೆ ಆದದ್ದು ಇದೇ. ನಲ್ಲಿಗಳಲ್ಲಿ ಸೀಸ ವಿಪರೀತ ಏರಿತು. ಊರಿನ ಜನಕ್ಕೆ ಅದರ ಗಾತ್ರ ತಿಳಿದದ್ದು 2004ರ ಜನವರಿ ಕೊನೆಯಲ್ಲಿ, ಪತ್ರಿಕೆಯ ಮುಖಪುಟದಿಂದ. ಫ್ಲಿಂಟ್ 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ನದಿಯ ನೀರಿಗೆ ಬದಲಾದಾಗ, ಕೊಳವೆಯ ಪದರ ಕಾಯುವ ಫಾಸ್ಫೇಟನ್ನು ಬೆರೆಸಲೇ ಇಲ್ಲ.

ವಾಷಿಂಗ್ಟನ್ನಿನಲ್ಲಿ ಗುಟ್ಟು ಬಯಲಾದ ಮೇಲೆ ನಡೆದದ್ದೇ ಈ ಕಥೆಯ ಮುಖ್ಯ ಪಾಠ. ನೀರು ಸಂಸ್ಥೆ ಕೋಟ್ಯಂತರ ಡಾಲರ್ ಸುರಿದು ಕೊಳವೆಗಳನ್ನು ಕಿತ್ತಿತು, ಆದರೆ ಎಷ್ಟೋ ಕಡೆ ತನ್ನ ಪಾಲಿನ ಅರ್ಧವನ್ನು ಮಾತ್ರ. ಮಾಲೀಕರು ದುಡ್ಡು ಕೊಡದ ಕಡೆ ಉಳಿದರ್ಧ ಸೀಸವಾಗಿಯೇ ಉಳಿಯಿತು. ಅರ್ಧ ಕೆಲಸದಿಂದ ಅರ್ಧ ಲಾಭವಾದರೂ ಸಿಗಬೇಕಲ್ಲವೇ? ಸಿಗಲಿಲ್ಲ. ಹಳೆಯ ಕೊಳವೆಯನ್ನು ಕತ್ತರಿಸುವಾಗ ಒಳಗಿನ ಪದರ ಅಲುಗಿ ಉದುರುತ್ತದೆ. ಸೀಸಕ್ಕೆ ತಾಮ್ರವನ್ನು ಬೆಸೆದ ಜಾಗದಲ್ಲಿ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ಶುರುವಾಗಿ ಸೀಸ ಇನ್ನೂ ಬೇಗ ಸವೆಯಬಹುದು. ಅರೆಬರೆ ಬದಲಾವಣೆಯ ನಂತರ ಸ್ವಲ್ಪ ಕಾಲ ನೀರಿನಲ್ಲಿ ಸೀಸ ಹೆಚ್ಚುವುದೇ ಸಾಮಾನ್ಯವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನ ಸಲಹಾ ಮಂಡಳಿ 2011ರಲ್ಲಿ ಹೇಳಿತು. ಕಾಗದದ ಮೇಲಿನ ಗಡಿ ನೀರಿಗೆ ಗೊತ್ತಿರಲಿಲ್ಲ.

ಹಾಗಾದರೆ ಕೆಲಸ ಪೂರ್ತಿ ಮುಗಿಸಿದ ಊರುಗಳಿಲ್ಲವೇ? ಇವೆ. ಒಂದೊಂದೂ ಆ ಗಡಿಯನ್ನು ತನ್ನದೇ ರೀತಿಯಲ್ಲಿ ದಾಟಿತು.

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಕೆರೆಗಳ ಊರು. ಫಾಸ್ಫೇಟ್ ಬೆರೆಸಿದರೆ ಅದು ಕೊನೆಗೆ ಕೆರೆ ಸೇರಿ ಪಾಚಿ ಬೆಳೆಸುತ್ತದೆಂಬ ಆತಂಕ ಅಲ್ಲಿತ್ತು. ಹಾಗಾಗಿ ಇಡೀ ಕೊಳವೆಯನ್ನೇ ತೆಗೆಯಬೇಕೆಂದು ನಗರ ಕಾನೂನು ಮಾಡಿತು, ಮಾಲೀಕರ ಪಾಲನ್ನೂ ಸೇರಿಸಿ. ಕೆಲಸ 2001ರಲ್ಲಿ ಶುರುವಾಯಿತು. ಮಾಲೀಕರ ಖರ್ಚಿನಲ್ಲಿ ಅರ್ಧವನ್ನು, 1,000 ಡಾಲರ್ ಮಿತಿಯೊಳಗೆ, ನಗರ ಹಿಂತಿರುಗಿಸಿತು. ನೀರಿನ ಬಿಲ್ಲಿನ ಹಣವನ್ನು ಖಾಸಗಿ ಸ್ವತ್ತಿಗೆ ಬಳಸುವಂತಿರಲಿಲ್ಲ. ಅದಕ್ಕೆ ನೀರಿನ ಟ್ಯಾಂಕುಗಳ ಮೇಲೆ ಆಂಟೆನಾ ಇಟ್ಟವರು ಕೊಡುತ್ತಿದ್ದ ಬಾಡಿಗೆ ನೆರವಿಗೆ ಬಂತು. ಸುಮಾರು ಹನ್ನೊಂದು ವರ್ಷಗಳಲ್ಲಿ 8,000ದಷ್ಟು ಕೊಳವೆಗಳು ಹೋದವು.

ಫ್ಲಿಂಟಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಲ್ಯಾನ್ಸಿಂಗಿನಲ್ಲಿ ಜಗಳವೇ ಹುಟ್ಟಲಿಲ್ಲ. ಅಲ್ಲಿ ಮೀಟರಿನವರೆಗಿನ ಇಡೀ ಕೊಳವೆ ಸಂಸ್ಥೆಯದೇ. ಕೆಲಸಗಾರರು ಅಂಗಳವನ್ನೆಲ್ಲ ಅಗೆಯದೆ, ಹಳೆಯ ಸೀಸದ ಕೊಳವೆಯ ಬಾಲಕ್ಕೆ ಹೊಸ ತಾಮ್ರದ ಕೊಳವೆ ಕಟ್ಟಿ, ಒಂದನ್ನು ಹೊರಗೆಳೆಯುತ್ತ ಇನ್ನೊಂದನ್ನು ಒಳಗೆ ತರುವ ವಿಧಾನ ಕಂಡುಕೊಂಡರು. 2004ರಿಂದ 2016ರೊಳಗೆ 12,000ಕ್ಕೂ ಹೆಚ್ಚು ಕೊಳವೆಗಳು ಬದಲಾದವು.

ನ್ಯೂಜೆರ್ಸಿಯ ನ್ಯೂವರ್ಕಿನಲ್ಲಿ ತೊಡಕು ಬೇರೆ. ಅಲ್ಲಿ ಬಾಡಿಗೆದಾರರೇ ಬಹಳ, ಮಾಲೀಕರು ಎಷ್ಟೋ ಸಲ ಕೈಗೇ ಸಿಗುತ್ತಿರಲಿಲ್ಲ. ಮೊದಲು ಮಾಲೀಕರಿಂದಲೂ 1,000 ಡಾಲರುವರೆಗೆ ಕೇಳುವ ಯೋಜನೆಯಿತ್ತು. 2019ರಲ್ಲಿ 12 ಕೋಟಿ ಡಾಲರ್ ಸಾಲ ಎತ್ತಿ ಎಲ್ಲರಿಗೂ ಉಚಿತ ಮಾಡಿದರು, ಮಾಲೀಕರ ಸಹಿ ಇಲ್ಲದಿದ್ದರೂ ಕೊಳವೆ ಬದಲಿಸಲು ನಗರಕ್ಕೆ ಅಧಿಕಾರ ಕೊಡುವ ಕಾನೂನನ್ನೂ ತಂದರು. ಮೂರು ವರ್ಷದೊಳಗೆ ಸುಮಾರು 23,000 ಕೊಳವೆಗಳ ಕೆಲಸ ಮುಗಿಯಿತು.

2024ರ ಅಕ್ಟೋಬರಿನಲ್ಲಿ ಹೊರಬಂದ ಅಮೆರಿಕದ ಹೊಸ ನಿಯಮ, ಹೆಚ್ಚಿನ ಊರುಗಳು ಹತ್ತು ವರ್ಷಗಳಲ್ಲಿ ಸೀಸದ ಕೊಳವೆಗಳನ್ನು ಪೂರ್ತಿ ತೆಗೆಯಬೇಕೆಂದಿತು. ಆದರೆ ಮನೆಯ ಪಾಲಿನ ಖರ್ಚು ಯಾರದೆಂದು ಗೊತ್ತು ಮಾಡಲಿಲ್ಲ. ಹಳೆಯ ಪ್ರಶ್ನೆ ಮತ್ತೆ ಊರೂರಿನ ಪಾಲಿಗೆ ಬಿತ್ತು.

ಅಂಥ ಊರಿನಲ್ಲಿ ಮನೆ ಇರುವವರಿಗೆ ಈ ಇತಿಹಾಸದಿಂದ ಕೆಲವು ವಿಷಯ ಸ್ಪಷ್ಟ. ನೀರಿನ ಪೈಪು ಮನೆಯೊಳಗೆ ಬರುವ ಜಾಗದಲ್ಲಿ ನಾಣ್ಯದ ಅಂಚಿನಿಂದ ಮೆಲ್ಲಗೆ ಗೀಚಿದರೆ, ಮಂಕು ಬೂದು ಬಣ್ಣದಡಿ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಅದು ಸೀಸವಾಗಿರುವುದೇ ಹೆಚ್ಚು. ಬದಲಿಸುವುದಾದರೆ ಬೀದಿಯಿಂದ ಮೀಟರಿನವರೆಗೆ ಒಂದೇ ಸಲ ಬದಲಿಸಬೇಕು. ಸಂಸ್ಥೆ ತನ್ನ ಅರ್ಧ ಮಾತ್ರ ಬದಲಿಸುತ್ತೇನೆಂದರೆ ಒಪ್ಪುವ ಮುನ್ನ ಕೇಳಬೇಕಾದದ್ದು ಬಹಳ ಇದೆ. ಕೆಲಸ ಮುಗಿದ ಮೇಲೆ ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ತೊಳೆದು, ತಣ್ಣೀರನ್ನು ಹೇಳಿದಷ್ಟು ಹೊತ್ತು ಹರಿಯಬಿಡಬೇಕು. ಕೆಲವು ತಿಂಗಳು ಸೀಸ ತಡೆಯುವುದೆಂದು ಪ್ರಮಾಣೀಕರಿಸಿದ ಫಿಲ್ಟರ್ ಬೇಕು. ನೀರು ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಕ್ಕಳ ಮಿದುಳಿಗೆ ಆಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲವಾದ್ದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಭಾರತದಲ್ಲಿ ನಲ್ಲಿ ಸಂಪರ್ಕಕ್ಕೆ ಹೆಚ್ಚಾಗಿ ಬಂದದ್ದು ಜಿಐ ಪೈಪು, ಆಮೇಲೆ ಪಿವಿಸಿ. ಸೀಸ ಇಲ್ಲಿ ಬೇರೆ ದಾರಿ ಹಿಡಿಯಿತು. ಪಿವಿಸಿ ತಯಾರಿಸುವಾಗ ಶಾಖಕ್ಕೆ ಕೆಡದಿರಲೆಂದು ಸೀಸದ ಸಂಯುಕ್ತ ಬೆರೆಸುವ ರೂಢಿ ಇತ್ತು. ಅದನ್ನು ಹಂತಹಂತವಾಗಿ ಕೈಬಿಡಿಸುವ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2021ರಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆದರೆ ಬೀದಿಯಲ್ಲಿ ಪರೀಕ್ಷಿಸಿದ ನೀರು ಮುಂದೆ ಸಂಪು, ಮೇಲಿನ ಟ್ಯಾಂಕು, ಹತ್ತಾರು ಮಹಡಿಗಳ ಪೈಪು ದಾಟಿ ಅಡುಗೆಮನೆ ಸೇರುತ್ತದೆ. ಮುಂಬೈಯಾಗಲಿ ಚೆನ್ನೈಯಾಗಲಿ, ಅಪಾರ್ಟ್‌ಮೆಂಟಿನ ಹಳೆಯ ಪೈಪು ಬದಲಿಸುವ ಮಾತು ಬಂದಾಗ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ, ಇದರಲ್ಲಿ ಸೊಸೈಟಿಯದೆಷ್ಟು, ಫ್ಲ್ಯಾಟಿನವರದೆಷ್ಟು ಎಂಬುದೇ. ಆ ಲೆಕ್ಕ ಹೇಗಾದರೂ ತೀರಲಿ, ನೀರನ್ನು ಪರೀಕ್ಷೆಗೆ ಹಿಡಿಯಬೇಕಾದದ್ದು ಅಡುಗೆಮನೆಯ ನಲ್ಲಿಯಲ್ಲಿ.