ಗ್ರೂಪ್ ಅಡ್ಮಿನ್‌ಗೂ ಮೊದಲು: ಐಆರ್‌ಸಿ ಅನ್ನೋ ಚಾಟ್ ಲೋಕದ ಕಥೆ

ಇವತ್ತಿನ ಕಂತನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ವರ್ಷ ನಮ್ಮ ಕೇಳುಗರ ಗ್ರೂಪ್‌ನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಜಗಳ ಹತ್ತಿಕೊಳ್ತು. ಯಾವುದೋ ಕಂತಿನಲ್ಲಿ ನಾನು ಹೇಳಿದ ಒಂದು ಇಸವಿ ಸರಿಯೋ ತಪ್ಪೋ ಅಂತ. ಒಬ್ಬ ಕೇಳುಗ ಬಿಡದೆ ವಾದ ಮಾಡ್ತಿದ್ದ. ನನಗೆ ನಿದ್ದೆ, ಅದರ ಮೇಲೆ ಸಿಟ್ಟು. ಅವನ ಹೆಸರಿನ ಮೇಲೆ ಬೆರಳಿಟ್ಟೆ, 'ರಿಮೂವ್' ಅಂತ ಬಂತು, ಒತ್ತಿಬಿಟ್ಟೆ. ಮೂರು ಸೆಕೆಂಡಿನ ಕೆಲಸ. ಬೆಳಿಗ್ಗೆ ಎದ್ದು ಪರಿಶೀಲಿಸಿದರೆ ಅವನು ಹೇಳಿದ ಇಸವಿಯೇ ಸರಿ. ಮೊದಲ ಕಂತಿನಿಂದ ಕೇಳ್ತಾ ಬಂದವನು ಬೇರೆ. ಗ್ರೂಪ್‌ನಲ್ಲಿ ಒಬ್ಬರೂ 'ಯಾಕೆ ತೆಗೆದ್ರಿ' ಅಂತ ಕೇಳಲಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಅದೇ.

ಆಗ ತಲೆಯಲ್ಲಿ ಒಂದು ಪ್ರಶ್ನೆ ಕೂತ್ಕೊಂಡ್ತು. ಒಂದು ಚಾಟ್ ರೂಮ್ ಯಾರದ್ದು? ಅಲ್ಲಿಂದ ಒಬ್ಬರನ್ನ ಹೊರಗೆ ಹಾಕೋ ಅಧಿಕಾರ ಯಾರು, ಯಾರಿಗೆ ಕೊಟ್ಟಿದ್ದು? ಹುಡುಕ್ತಾ ಹೋದವನು ಫಿನ್ಲೆಂಡ್ ದೇಶದ ಔಲು ಅನ್ನೋ ಊರಿಗೆ, 1988ರ ಬೇಸಿಗೆಗೆ ಬಂದು ನಿಂತೆ.

ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಅನ್ನೋ ಹುಡುಗನಿಗೆ ಬೇಸಿಗೆಯಲ್ಲಿ ಒಂದು ಡಿಪಾರ್ಟ್‌ಮೆಂಟಿನ ಸರ್ವರ್ ನೋಡಿಕೊಳ್ಳೋ ಕೆಲಸ ಸಿಕ್ಕಿತ್ತು. ಕೆಲಸ ಕಡಿಮೆ, ಸಮಯ ಜಾಸ್ತಿ. ಹಳೇ ಚಾಟ್ ಪ್ರೋಗ್ರಾಂ ಒಂದರ ಜಾಗಕ್ಕೆ ತಾನೇ ಹೊಸದೊಂದು ಬರೆದ. ಹೆಸರು ಇಂಟರ್‌ನೆಟ್ ರಿಲೇ ಚಾಟ್, ಚಿಕ್ಕದಾಗಿ ಐಆರ್‌ಸಿ. ಈ ಐಡಿಯಾ ಪೂರ್ತಿ ಅವನದ್ದೇ ಅಲ್ಲ. ಅದಕ್ಕೂ ಮೊದಲೇ ಬಿಟ್‌ನೆಟ್ ಅನ್ನೋ ನೆಟ್‌ವರ್ಕ್‌ನಲ್ಲಿ 'ರಿಲೇ' ಅಂತ ಒಂದಿತ್ತು, ಅದರಿಂದಲೂ ಅವನು ತಗೊಂಡಿದ್ದಾನೆ. ಬಳಸೋರು ಸ್ವಲ್ಪ ಜಾಸ್ತಿಯಾದ ಮೇಲೆ ಫಿನ್ಲೆಂಡಿನ ಬೇರೆ ಊರುಗಳ ಗೆಳೆಯರಿಗೂ ಸರ್ವರ್ ಹಾಕಿ ಅಂದ. ಹಾಗೆ ಸರ್ವರ್‌ಗೆ ಸರ್ವರ್ ಕೂಡಿಕೊಂಡು ದೇಶ ದಾಟಿತು.

ನೀವು ಇದನ್ನ ನೋಡಿಲ್ಲ ಅಂದ್ರೆ ಹೀಗೆ ಕಲ್ಪಿಸಿಕೊಳ್ಳಿ. ಖಾಲಿ ಪರದೆ, ಅಕ್ಷರಗಳು ಮಾತ್ರ. ಫೋಟೊ ಇಲ್ಲ, ಸ್ಟಿಕ್ಕರ್ ಇಲ್ಲ, ಒತ್ತೋಕೆ ಬಟನ್ ಕೂಡ ಇಲ್ಲ. ಏನು ಮಾಡಬೇಕಾದ್ರೂ ಟೈಪ್ ಮಾಡ್ಬೇಕು. ಮುಂದೆ ಒಂದು ಸ್ಲ್ಯಾಶ್ ಹಾಕಿದ್ರೆ ಅದು ಮಾತಲ್ಲ, ಆಜ್ಞೆ. ಸ್ಲ್ಯಾಶ್ ನಿಕ್ ಅಂತ ಹೊಡೆದು ಒಂದು ಹೆಸರಿಟ್ಟುಕೊಳ್ಳೋದು. ಸ್ಲ್ಯಾಶ್ ಜಾಯಿನ್ ಹೊಡೆದು ಮುಂದೆ # ಚಿಹ್ನೆ ಹಾಕಿ ಚಾನೆಲ್ ಹೆಸರು ಬರೆದ್ರೆ ಒಳಗೆ. ಸ್ಲ್ಯಾಶ್ ಪಾರ್ಟ್ ಅಂದ್ರೆ ಹೊರಗೆ. ಟ್ವಿಟರ್‌ನ ಹ್ಯಾಶ್‌ಟ್ಯಾಗ್ ಇದೆಯಲ್ಲ, 2007ರಲ್ಲಿ ಕ್ರಿಸ್ ಮೆಸಿನಾ ಅದನ್ನ ಸೂಚಿಸಿದಾಗ ಅವನ ತಲೆಯಲ್ಲಿದ್ದದ್ದು ಐಆರ್‌ಸಿ ಚಾನೆಲ್‌ಗಳ ಈ # ಚಿಹ್ನೆಯೇ.

ಈಗ ಮುಖ್ಯ ವಿಷಯ. ಚಾನೆಲ್ ಅನ್ನೋದನ್ನ ಯಾರೂ 'ಕ್ರಿಯೇಟ್' ಮಾಡ್ತಿರಲಿಲ್ಲ. ಯಾರು ಮೊದಲು ಒಳಗೆ ಬರ್ತಾರೋ ಅವರಿಗಾಗಿ ಅದು ಹುಟ್ಟುತ್ತೆ, ಅವರ ಹೆಸರಿನ ಮುಂದೆ ಒಂದು @ ಬೀಳುತ್ತೆ. ಅವರೇ ಆಪರೇಟರ್, ಆಡುಮಾತಿನಲ್ಲಿ 'ಆಪ್'. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆದರೆ ಎಲ್ಲರೂ ಎದ್ದು ಹೋದ ಕ್ಷಣಕ್ಕೆ ಚಾನೆಲ್ ಸತ್ತೇ ಹೋಗುತ್ತೆ. ಮಾರನೇ ದಿನ ಅದೇ ಹೆಸರಿನಲ್ಲಿ ಬೇರೆ ಯಾರೋ ಮೊದಲು ಬಂದ್ರೆ @ ಅವರದ್ದು. ನಾನು ಕಾಮರ್ಸ್ ಓದಿದವನು, ಇದನ್ನ ನೋಡಿ ತಲೆ ಕೆಟ್ಟೋಯ್ತು. ಟೈಟಲ್ ಡೀಡ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ಸ್ವಾಧೀನ ಮಾತ್ರ!

ಹತ್ತಾರು ಜನ ಇದ್ದಾಗ ನಡೀತಿತ್ತು. 1991ರ ಹೊತ್ತಿಗೆ ಕೊಲ್ಲಿ ಯುದ್ಧದ ಸುದ್ದಿ ಐಆರ್‌ಸಿಯಲ್ಲಿ ಸಾಲು ಸಾಲಾಗಿ ಹರಿದು ಬರ್ತಿತ್ತು. ಅದೇ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಗೊರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿಗೆ ಪ್ರಯತ್ನ ಆದಾಗ, ಅಲ್ಲಿನ ಮಾಧ್ಯಮಗಳ ಬಾಯಿ ಕಟ್ಟಿದ್ದ ಗಂಟೆಗಳಲ್ಲಿ ಜನ ಇಲ್ಲಿ ಸುದ್ದಿ ಟೈಪ್ ಮಾಡ್ತಿದ್ರು. ಆ ಮಾತುಕತೆಯ ಲಾಗ್‌ಗಳು ಇವತ್ತಿಗೂ ಉಳಿದಿವೆ. ಅಂಥ ಜಾಗಕ್ಕೆ ಯಾರೋ ಕಿಡಿಗೇಡಿ ನುಗ್ಗಿ ಆಟ ಆಡಿದ್ರೆ ಅದು ತಮಾಷೆ ಅಲ್ಲ.

ನುಗ್ಗೋದು ಹೇಗೆ ಅಂತ ಕೇಳಿ. ಸರ್ವರ್‌ಗಳು ಮರದ ಕೊಂಬೆಗಳ ಹಾಗೆ ಒಂದಕ್ಕೊಂದು ಸೇರಿಕೊಂಡಿದ್ದವು. ನಡುವಿನ ಒಂದು ಕೊಂಡಿ ಕಳಚಿದ್ರೆ ನೆಟ್‌ವರ್ಕ್ ಎರಡು ಹೋಳು. ಇದಕ್ಕೆ 'ನೆಟ್‌ಸ್ಪ್ಲಿಟ್' ಅಂತ ಹೆಸರು. ನೀವು ಹರಟೆ ಹೊಡೀತಿದ್ದ ಅರ್ಧ ಜನ ಒಂದೇ ಕ್ಷಣಕ್ಕೆ ಮಾಯ. ಕಳ್ಳನಿಗೆ ಇದೇ ಮುಹೂರ್ತ. ನಿಮ್ಮ ಚಾನೆಲ್‌ನವರು ಯಾರೂ ಇಲ್ಲದ ಹೋಳಿಗೆ ಹೋಗ್ತಾನೆ, ಅದೇ ಹೆಸರಿನ ಚಾನೆಲ್‌ಗೆ ಸೇರ್ತಾನೆ, ಅಲ್ಲಿ ಅವನೇ ಮೊದಲಿಗ, ಹಾಗಾಗಿ @ ಸಿಗುತ್ತೆ. ಕೊಂಡಿ ಮತ್ತೆ ಸೇರಿದಾಗ @ ಸಮೇತ ನಿಮ್ಮ ನಡುವೆ ಬಂದು ಕೂತಿರ್ತಾನೆ. ಮೊದಲ ಕೆಲಸ, ಹಳೇ ಆಪ್‌ಗಳನ್ನೆಲ್ಲ ಒದ್ದು ಓಡಿಸೋದು. ಇದಕ್ಕೆ 'ಟೇಕ್‌ಓವರ್' ಅಂತಿದ್ರು.

1993ರ ಡಿಸೆಂಬರ್‌ನಲ್ಲಿ ರೋಬಿ ಪಾಯಿಂಟರ್ ಅನ್ನೋ ಪ್ರೋಗ್ರಾಮರ್ 'ಎಗ್‌ಡ್ರಾಪ್' ಅಂತ ಒಂದು ಬಾಟ್ ಬರೆದ. ಅದು ನಿದ್ದೆ ಮಾಡಲ್ಲ, ಊಟಕ್ಕೆ ಏಳಲ್ಲ, @ ಹಿಡ್ಕೊಂಡು ಚಾನೆಲ್‌ನಲ್ಲಿ ಕೂತೇ ಇರುತ್ತೆ. ಅವನು ಅದನ್ನ ಬರೆದದ್ದು ಗೇ ಹದಿಹರೆಯದವರ ಒಂದು ಚಾನೆಲ್ ಕಾಯೋಕೆ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1993ರಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಮನೆಯಲ್ಲಿ, ಸ್ಕೂಲಲ್ಲಿ ಹೇಳೋಕಾಗದ ಮಾತನ್ನ ಹೇಳ್ತಿದ್ದ ಜಾಗ ಅದು. ಅಲ್ಲಿಗೆ ಯಾರೋ ನುಗ್ಗಿ ಎಲ್ಲರನ್ನೂ ಹೊರಹಾಕಿದ್ರೆ ಅವನು ಆ ರಾತ್ರಿ ಎಲ್ಲಿಗೆ ಹೋಗ್ಬೇಕು? ಇವತ್ತು ಟೆಲಿಗ್ರಾಂನಲ್ಲಿ, ಡಿಸ್ಕಾರ್ಡ್‌ನಲ್ಲಿ ನಾವು ನೋಡೋ ಕಾವಲು ಬಾಟ್‌ಗಳ ಅಜ್ಜ ಈ ಎಗ್‌ಡ್ರಾಪ್.

'ರೂಮ್ ಯಾರದ್ದು' ಅನ್ನೋ ಪ್ರಶ್ನೆಗೆ ನೆಟ್‌ವರ್ಕ್‌ಗಳೇ ಒಡೆದು ಹೋದವು. 1992ರಲ್ಲಿ ಬಂದ ಅಂಡರ್‌ನೆಟ್, ಚಾನೆಲ್‌ಗಳನ್ನ ಕಾಯೋಕೆ ತನ್ನದೇ ಅಧಿಕೃತ ಬಾಟ್ ಇಟ್ಟಿತು. 1994ರಲ್ಲಿ ಹುಟ್ಟಿದ ಡಾಲ್‌ನೆಟ್, ಹೆಸರನ್ನೂ ಚಾನೆಲನ್ನೂ ಪಾಸ್‌ವರ್ಡ್ ಹಾಕಿ ರಿಜಿಸ್ಟರ್ ಮಾಡ್ಕೊಳ್ಳೋ ವ್ಯವಸ್ಥೆ ತಂತು. ನಿಕ್‌ಸರ್ವ್, ಚಾನ್‌ಸರ್ವ್ ಅಂತ. ಇಲ್ಲಿಗೆ ಡೀಡ್ ಬಂತು ನೋಡಿ! ಆದರೆ ಹಳೇ ದೊಡ್ಡ ನೆಟ್‌ವರ್ಕ್ ಎಫ್‌ನೆಟ್‌ನವರು ಒಪ್ಪಲಿಲ್ಲ. ಅವರೊಳಗೇ ಇನ್ನೊಂದು ತಕರಾರು. ಸ್ಪ್ಲಿಟ್ ಆಗಿ ಸೇರಿದಾಗ ಎರಡರಲ್ಲಿ ಹಳೇ ಚಾನೆಲ್ ಯಾವುದು ಅಂತ ಸಮಯ ನೋಡಿ ಅದರ ಆಪ್‌ಗಳನ್ನ ಮಾತ್ರ ಉಳಿಸಬೇಕು ಅಂತ ಒಂದು ಬಣ. ಬೇಡ, ಸ್ಪ್ಲಿಟ್ ಆದ ಕೂಡಲೇ ಆ ಹೆಸರಿಗೆ ಸ್ವಲ್ಪ ಹೊತ್ತು ಬೀಗ ಹಾಕಿದ್ರೆ ಸಾಕು ಅಂತ ಇನ್ನೊಂದು. ಬೇರೆ ಕಾರಣಗಳೂ ಸೇರಿಕೊಂಡು 1996ರ ಜುಲೈನಲ್ಲಿ ಯುರೋಪಿನವರು ಬಹುಪಾಲು ಹೊರನಡೆದು 'ಐಆರ್‌ಸಿನೆಟ್' ಮಾಡಿಕೊಂಡ್ರು. ಅದನ್ನ ಮಹಾ ವಿಭಜನೆ ಅಂತಲೇ ಕರೀತಾರೆ.

ಆಪ್‌ಗಳ ಕೈಯಲ್ಲಿದ್ದ ಆಯುಧಗಳ ವಿಷಯಕ್ಕೆ ಬರೋಣ, ಯಾಕಂದ್ರೆ ನನ್ನ ತಪ್ಪು ನನಗೆ ಅರ್ಥ ಆಗಿದ್ದು ಇಲ್ಲೇ. ಚಾನೆಲ್‌ಗೆ 'ಎಂ' ಅನ್ನೋ ಮೋಡ್ ಹಾಕಿದ್ರೆ @ ಇರೋರು, + ಚಿಹ್ನೆ ಕೊಟ್ಟಿರೋರು ಮಾತ್ರ ಮಾತಾಡಬಹುದು, ಉಳಿದವರು ಕೇಳಬಹುದು. ಅಂದ್ರೆ ಯಾರನ್ನೂ ತೆಗೆಯದೆ ಗಲಾಟೆ ನಿಲ್ಲಿಸಬಹುದು. ಆಮೇಲೆ ಸ್ಲ್ಯಾಶ್ ಕಿಕ್. ಹೊರಗೆ ಹಾಕೋದು, ಆದರೆ ಬಾಗಿಲು ತೆರೆದೇ ಇರುತ್ತೆ, ಮರುಕ್ಷಣವೇ ವಾಪಸ್ ಬರಬಹುದು. ಬಾಗಿಲನ್ನೇ ಮುಚ್ಚಬೇಕು ಅಂದ್ರೆ ಬ್ಯಾನ್.

ಸ್ಲ್ಯಾಶ್ ಕಿಕ್ ಹೊಡೆದು ಹೆಸರು ಬರೆದ ಮೇಲೆ ಕಾರಣ ಬರೆಯೋಕೆ ಜಾಗ ಇದೆ. ಅದು ಹೊರಹೋದವನಿಗೂ ಕಾಣುತ್ತೆ, ಚಾನೆಲ್‌ನಲ್ಲಿರೋ ಎಲ್ಲರಿಗೂ ಕಾಣುತ್ತೆ. ಕಾರಣ ಬರೆಯದೇ ಬಿಟ್ರೆ ಆ ಜಾಗದಲ್ಲಿ ಕಿಕ್ ಮಾಡಿದವನ ಹೆಸರೇ ಬೀಳುತ್ತೆ! ಬಿಕಾಂನಲ್ಲಿ ಪ್ರತೀ ಜರ್ನಲ್ ಎಂಟ್ರಿ ಕೆಳಗೆ 'ನರೇಷನ್' ಬರೀಬೇಕು, ಈ ವ್ಯವಹಾರ ಯಾಕಾಯ್ತು ಅಂತ ಒಂದು ಸಾಲು. ಬರೀದಿದ್ರೆ ನಮ್ಮ ಮೇಷ್ಟ್ರು ಅರ್ಧ ಮಾರ್ಕ್ಸ್ ಕತ್ತರಿಸ್ತಿದ್ರು. ನಾನು ಆ ರಾತ್ರಿ ನರೇಷನ್ ಇಲ್ಲದ ಎಂಟ್ರಿ ಹಾಕಿದ್ದೆ.

ಹಾಗಂತ ಹಳೇ ಆಪ್‌ಗಳೆಲ್ಲ ಸಾಧುಗಳು ಅಂದ್ಕೋಬೇಡಿ. @ ಸಿಕ್ಕ ತಕ್ಷಣ ದೊಡ್ಡ ಗೌಡರ ಥರ ಆಡೋರು ಬೇಕಾದಷ್ಟಿದ್ರು. ನಮ್ಮ ಭಾವ ಮೈಸೂರಿನಲ್ಲಿ ಕಾಲೇಜು ಓದುವಾಗ ಸೈಬರ್ ಕೆಫೆಯಲ್ಲಿ ಎಂಐಆರ್‌ಸಿ ಹಚ್ಚಿಕೊಂಡಿದ್ದವರು. ವಿಎಸ್‌ಎನ್‌ಎಲ್ ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು, ಖಾಲಿದ್ ಮರ್ದಮ್-ಬೇ ಬರೆದ ಎಂಐಆರ್‌ಸಿ ಹೊರಬಂದದ್ದೂ ಅದೇ ವರ್ಷ. ಭಾವನ ಕೆಫೆಯಲ್ಲಿ ಆರು ಕಂಪ್ಯೂಟರು, ಹೊರಜಗತ್ತಿಗೆ ಕಾಣೋ ವಿಳಾಸ ಒಂದೇ. ಐಆರ್‌ಸಿ ಬ್ಯಾನ್ ಬೀಳೋದು ಹೆಚ್ಚಾಗಿ ವಿಳಾಸದ ಮೇಲೆ. ಪಕ್ಕದ ಸೀಟಿನ ಹುಡುಗ ಏನೋ ಕೆಟ್ಟದಾಗಿ ಬರೆದ, ಆರೂ ಜನ ಹೊರಗೆ. 'ಗಂಟೆ ದುಡ್ಡು ಕೊಟ್ಟಾಗಿತ್ತು, ಪಕ್ಕದವನ ಕಿವಿ ಹಿಂಡೋದೊಂದು ಬಾಕಿ ಇತ್ತು' ಅಂತ ಭಾವ ಈಗಲೂ ನಗ್ತಾರೆ.

ಅವರೆಲ್ಲ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಹೊಡೀತಿದ್ದಿದ್ದು. 1993ರ ಮೇನಲ್ಲಿ ಬಂದ ಐಆರ್‌ಸಿಯ ಮೊದಲ ನಿಯಮ ಪುಸ್ತಕದಲ್ಲಿ ಯಾವ ಲಿಪಿ ಅನ್ನೋದನ್ನೇ ಹೇಳಿರಲಿಲ್ಲ. ಒಂದು ಸಾಲಿಗೆ 512 ಬೈಟ್ ಅಂತ ಮಿತಿ ಮಾತ್ರ ಇತ್ತು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಇವತ್ತಿನ ಯೂನಿಕೋಡ್ ಲೆಕ್ಕದಲ್ಲಿ ನಮ್ಮ 'ಕ್ಷ' ಒಂದಕ್ಕೇ ಒಂಬತ್ತು ಬೈಟ್ ಬೇಕು!

ಒಳ್ಳೇ ಮಾಡರೇಷನ್‌ಗೂ ಭಾರತದಲ್ಲೇ ಒಂದು ಉದಾಹರಣೆ ಇದೆ. ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಗ 2008ರಿಂದ ಐಆರ್‌ಸಿಯಲ್ಲೇ ಬೇಸಿಗೆ ತರಗತಿ ನಡೆಸಿದೆ. ಕ್ಲಾಸ್ ನಡೀವಾಗ ಪ್ರಶ್ನೆ ಇದ್ರೆ ಬರೀ ಒಂದು ! ಚಿಹ್ನೆ ಟೈಪ್ ಮಾಡಿ ಕಾಯ್ಬೇಕು. ಅದು ಕೈ ಎತ್ತಿದ ಲೆಕ್ಕ. ನಿಮ್ಮ ಸರದಿ ಬಂದಾಗ ಮಾತು.

ಕೊನೆಗೆ 2021. ಫ್ರೀನೋಡ್ ಅಂದ್ರೆ ಓಪನ್ ಸೋರ್ಸ್ ಜಗತ್ತಿನ ದೊಡ್ಡ ಐಆರ್‌ಸಿ ಮನೆ. ಅದರ ಹಿಡಿತ ಯಾರದ್ದು ಅಂತ ಜಗಳವಾಗಿ ಸ್ವಯಂಸೇವಕ ಸಿಬ್ಬಂದಿ ಬಹುತೇಕ ಎಲ್ಲರೂ ರಾಜೀನಾಮೆ ಕೊಟ್ಟು, ಮೇ 19ಕ್ಕೆ 'ಲಿಬೆರಾ ಚಾಟ್' ಶುರು ಮಾಡಿದ್ರು. ಒಂದು ವಾರದ ಮೇಲೆ ಫ್ರೀನೋಡ್ ಆಡಳಿತ ಏನು ಮಾಡ್ತು ಗೊತ್ತಾ? ತಮ್ಮ ಚಾನೆಲ್‌ನ ಟಾಪಿಕ್ ಸಾಲಿನಲ್ಲಿ 'ಲಿಬೆರಾ' ಅಂತ ಬರೆದಿದ್ದ ನೂರಾರು ಚಾನೆಲ್‌ಗಳನ್ನ ತಾನೇ ವಶಕ್ಕೆ ತಗೊಂಡ್ತು. ಡೀಡ್ ಇದ್ದೋರ ಕೈಯಿಂದಲೂ ಮನೆ ಹೋಯ್ತು. ವಿಕಿಮೀಡಿಯ, ಉಬುಂಟು ಎಲ್ಲರೂ ಲಿಬೆರಾಗೆ ಗಂಟುಮೂಟೆ ಕಟ್ಟಿದ್ರು. ಖಾಲಿ ಚಾನೆಲ್‌ನಲ್ಲಿ @ ಹಿಡ್ಕೊಂಡು ಕೂತೋನು ಯಾರಿಗೆ ಆಪರೇಟರ್ ಹೇಳಿ?

ನಮ್ಮ ಗ್ರೂಪ್‌ನಲ್ಲಿ ಈಗ ಇಬ್ಬರು ಅಡ್ಮಿನ್ ಜಾಸ್ತಿ ಮಾಡಿದ್ದೀವಿ. ಯಾರನ್ನಾದ್ರೂ ತೆಗೆದ್ರೆ ಕಾರಣ ಎಲ್ಲರಿಗೂ ಕಾಣೋ ಹಾಗೆ ಬರೀಬೇಕು, ರಾತ್ರಿ ಹತ್ತರ ಮೇಲೆ ಜಗಳ ಆದ್ರೆ ಬೆಳಿಗ್ಗೆವರೆಗೆ ಅಡ್ಮಿನ್‌ಗಳು ಮಾತ್ರ ಬರೆಯೋ ಸೆಟ್ಟಿಂಗ್ ಹಾಕಬೇಕು. ಆ ಕೇಳುಗನಿಗೆ ಇಸವಿ ನಿನ್ನದೇ ಸರಿ, ತಪ್ಪು ನನ್ನದು ಅಂತ ಹೋದ ತಿಂಗಳು ಮೆಸೇಜ್ ಹಾಕಿದೆ, ಜೊತೆಗೆ ಗ್ರೂಪ್ ಲಿಂಕ್ ಕೂಡ. ಎರಡು ನೀಲಿ ಟಿಕ್ ಬಂದಿವೆ. ಉತ್ತರ ಇನ್ನೂ ಬಂದಿಲ್ಲ.