ವಹಿಯಲ್ಲಿ ಹೆಸರಿದ್ದವರ ಹಕ್ಕು

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆ-ಅಂಗಡಿಗಳಿಗೆ ನುಗ್ಗಿದರು. ಅವರ ಸಿಟ್ಟೆಲ್ಲ ಕಾಗದದ ಮೇಲಿತ್ತು. ಸಾಲಪತ್ರ, ಲೆಕ್ಕದ ವಹಿ, ಕೋರ್ಟಿನ ಡಿಕ್ರಿ, ಸಿಕ್ಕಿದ್ದನ್ನೆಲ್ಲ ಬೀದಿಗೆ ತಂದು ಸುಟ್ಟರು. ವಹಿಯಲ್ಲಿ ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಓದಿ ತೋರಿಸು ಎಂದು ಕೇಳುವ ಹಕ್ಕೂ ಇರಲಿಲ್ಲ.

ಸರಕಾರ ಆಯೋಗ ನೇಮಿಸಿತು. ನಾಲ್ಕು ವರ್ಷಗಳ ಬಳಿಕ, 1879ರಲ್ಲಿ, ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಅದನ್ನು ಸಾಲದ ಕಾಯ್ದೆ ಎಂದೇ ಎಲ್ಲರೂ ನೆನೆಯುತ್ತಾರೆ. ಆದರೆ ಅದರೊಳಗಿನ ಮೂರು ಸಣ್ಣ ಮಾತುಗಳು ಇಂದಿನ ಮಟ್ಟಿಗೆ ಹೆಚ್ಚು ಮುಖ್ಯ. ಹಣ ಕಟ್ಟಿದ ರೈತನಿಗೆ ಬರಹದ ರಸೀದಿ ಕೊಡಬೇಕು. ಕೇಳಿದರೆ ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು. ಬೇಕೆಂದರೆ ಆ ಲೆಕ್ಕವನ್ನು ಅವನದೇ ಪಾಸ್‌ಬುಕ್ಕಿನಲ್ಲಿ ಬರೆದುಕೊಡಬೇಕು. ವಹಿ ಸಾಹುಕಾರನದೇ ಆದರೂ ಅದರಲ್ಲಿ ಹೆಸರಿರುವವನಿಗೂ ಅದರ ಮೇಲೆ ಒಂದು ಹಕ್ಕಿದೆ ಎಂದು ದಖ್ಖನ್ ಭಾಗದ ಕಾನೂನು ಒಪ್ಪಿಕೊಂಡದ್ದು ಹೀಗೆ.

ಕಾಯ್ದೆ ಮೊದಲು ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗಷ್ಟೇ ಸೀಮಿತವಾಗಿತ್ತು. ಮುಂದೆ ಹಂತಹಂತವಾಗಿ ಮುಂಬಯಿ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಇಂದು ಕರ್ನಾಟಕದ ಗಡಿಯಲ್ಲಿರುವ ಚಿಕ್ಕೋಡಿ, ಅಥಣಿ ತಾಲೂಕುಗಳು ಬೆಳಗಾವಿ ಜಿಲ್ಲೆಯ ಜೊತೆಗೆ ಆ ಪ್ರಾಂತ್ಯದಲ್ಲೇ ಇದ್ದವು. ರಾಯಬಾಗ ಮಾತ್ರ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರ ಮಾರ್ಚ್ 1ರಂದು ಸಂಸ್ಥಾನ ವಿಲೀನವಾಗುವವರೆಗೂ, ಪಕ್ಕಪಕ್ಕದ ಎರಡು ಹಳ್ಳಿಗಳ ಇಬ್ಬರು ಸಾಲಗಾರರು ಬೇರೆ ಬೇರೆ ದೊರೆತನದ ಕಾನೂನಿಗೆ ಒಳಪಟ್ಟಿದ್ದರು. ಯಾವ ಬಾಗಿಲು ತಟ್ಟಬೇಕು ಎನ್ನುವ ಪ್ರಶ್ನೆ ಗಡಿ ತಾಲೂಕುಗಳಿಗೆ ಹೊಸದಲ್ಲ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಾಯಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಂಘ ಹುಟ್ಟಿತು. ಆ ಕಾಲದ ಹಳ್ಳಿಯ ಪತ್ತಿನ ಸಂಘಕ್ಕೆ ಗುಟ್ಟು ಎಂಬುದೇ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಒಬ್ಬ ಸದಸ್ಯ ಸಾಲ ಮುಳುಗಿಸಿದರೆ ಹೊಣೆ ಎಲ್ಲರ ಮೇಲೆ ಬೀಳುತ್ತಿತ್ತು. ಆದ್ದರಿಂದ ಯಾರಿಗೆ ಎಷ್ಟು ಸಾಲ, ಯಾವುದಕ್ಕೆ ಎನ್ನುವುದು ಎಲ್ಲರಿಗೂ ತಿಳಿದಿರುವುದೇ ಸಂಘದ ಭದ್ರತೆಯಾಗಿತ್ತು. ತಿಳಿದವರೆಲ್ಲ ಒಂದೇ ಊರಿನವರು. ಆ ಮಾಹಿತಿ ಅಗಸಿ ದಾಟಿ ಹೋಗುತ್ತಿರಲಿಲ್ಲ.

ಇವತ್ತು ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಸಹಕಾರಿಗಳಲ್ಲಿ ಕೆಲವು ಎರಡು ರಾಜ್ಯಗಳಲ್ಲಿ ಶಾಖೆ ತೆರೆದಿವೆ. ಸದಸ್ಯರ ಆಧಾರ್, ಪ್ಯಾನ್, ಮೊಬೈಲ್ ಸಂಖ್ಯೆ, ಹೆಬ್ಬೆಟ್ಟು, ಬಂಗಾರದ ಅಡವಿನ ವಿವರ, ಜಾಮೀನುದಾರರ ಹೆಸರು ಎಲ್ಲವೂ ದೂರದ ಯಾವುದೋ ಕಂಪನಿಯ ಸರ್ವರ್‌ನಲ್ಲಿ ಕೂತಿರುತ್ತವೆ. ಸಂಘದ ಸ್ವರೂಪ ಇಷ್ಟು ಬದಲಾದರೂ ‘ನಮ್ಮ ಸಂಘ, ನಮ್ಮವರು’ ಎಂಬ ಹಳೆಯ ನಂಬಿಕೆ ಹಾಗೇ ಉಳಿದಿದೆ. ಆ ನಂಬಿಕೆಗೆ ಕಾನೂನಿನ ಆಸರೆ ಎಷ್ಟಿದೆ ಎಂದು ನೋಡಿದರೆ ಆತಂಕವಾಗುತ್ತದೆ.

ನಿಪ್ಪಾಣಿಯ ಬೀಡಿ ಕಾರ್ಮಿಕ ಹೆಣ್ಣುಮಕ್ಕಳ ಕತೆ ಇದಕ್ಕೆ ತಿರುಗುಮುರುಗು. ಅವರ ಹೋರಾಟ ವಹಿಯಲ್ಲಿ ಹೆಸರು ಬರೆಸಿಕೊಳ್ಳುವುದಕ್ಕೇ ಆಗಿತ್ತು. ಮನೆಯಲ್ಲೇ ಕೂತು ಬೀಡಿ ಸುತ್ತುವವಳನ್ನು ತನ್ನ ಕೆಲಸಗಾರಳೆಂದು ಒಪ್ಪಿದರೆ ಮಾಲೀಕನಿಗೆ ಹೊಣೆ ಬರುತ್ತದೆ. ಹಾಗಾಗಿ ನಡುವೆ ಗುತ್ತಿಗೆದಾರ ನಿಲ್ಲುತ್ತಿದ್ದ, ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಕರೆಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಸಲ್ಲಬೇಕು ಎಂದು ತೀರ್ಪಿತ್ತಿತು. ಒಂದು ಪಿ.ಎಫ್. ನಂಬರ್ ಸಿಗಲು ಇಷ್ಟು ದಾರಿ ಸವೆಸಬೇಕಾಯಿತು.

ಅದೇ ನಂಬರಿನ ಮುಂದಿನ ಅಧ್ಯಾಯ 2022ರ ಆಗಸ್ಟಿನದು. ಉಕ್ರೇನಿನ ಸೈಬರ್ ಭದ್ರತಾ ಸಂಶೋಧಕ ಬಾಬ್ ದ್ಯಾಚೆಂಕೊ, ಭಾರತದ ಪಿ.ಎಫ್. ಖಾತೇದಾರರ ಸುಮಾರು 28 ಕೋಟಿ ದಾಖಲೆಗಳು ಅಂತರಜಾಲದಲ್ಲಿ ಬೀಗವಿಲ್ಲದೆ ತೆರೆದುಕೊಂಡಿರುವುದನ್ನು ಕಂಡರು. ಯು.ಎ.ಎನ್. ಎಂಬ ಪಿ.ಎಫ್. ಖಾತೆ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ, ವಾರಸುದಾರರ ವಿವರ ಅದರಲ್ಲಿತ್ತು. ಅವರು ಭಾರತದ ಸೈಬರ್ ತುರ್ತು ಸಂಸ್ಥೆಗೆ ತಿಳಿಸಿದ ಬಳಿಕ ಆ ದಾಖಲೆಗಳು ಅಲ್ಲಿಂದ ಮರೆಯಾದವು. ಆ ದಾಖಲೆಗಳನ್ನು ಅಲ್ಲಿ ಇಟ್ಟವರು ಯಾರು ಎಂಬುದನ್ನು ಅವರಿಗೆ ಗುರುತಿಸಲಾಗಲಿಲ್ಲ. ಹೀಗೆ ಸೋರಿದಾಗ ಒಬ್ಬ ಬೀಡಿ ಕಾರ್ಮಿಕ ಹೆಣ್ಣುಮಗಳು ಯಾರ ಮೇಲೆ ದಾವೆ ಹೂಡಬೇಕು?

ಕಾನೂನಿನಲ್ಲಿ ಉತ್ತರ ಇರಲಿಲ್ಲ ಎಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯಾಗಿ, 2009ರ ಅಕ್ಟೋಬರ್ 27ರಿಂದ 43ಎ ಎಂಬ ಕಲಂ ಜಾರಿಗೆ ಬಂತು. ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಕಂಪನಿ ನಿರ್ಲಕ್ಷ್ಯದಿಂದ ಕಾಯದೆ ಹೋಗಿ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಪಾಸ್‌ವರ್ಡ್, ಹಣಕಾಸಿನ ವಿವರ, ಆರೋಗ್ಯದ ದಾಖಲೆ, ಬೆರಳಚ್ಚು ಸೂಕ್ಷ್ಮ ಮಾಹಿತಿ ಎಂದು 2011ರ ನಿಯಮಗಳು ಪಟ್ಟಿ ಕೊಟ್ಟವು. ಬರೀ ಹೆಸರು, ಫೋನ್ ನಂಬರ್ ಅದರಲ್ಲಿಲ್ಲ. ಐದು ಕೋಟಿ ರೂಪಾಯಿವರೆಗಿನ ದಾವೆಗೆ ಸಿವಿಲ್ ಕೋರ್ಟು ಬೇಡ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಾಯಕ ಅಧಿಕಾರಿ. ಅವರು ಕೂರುವುದು ಬೆಂಗಳೂರಿನಲ್ಲಿ, ನಿಪ್ಪಾಣಿಯಿಂದ ಐನೂರು ಕಿಲೋಮೀಟರ್ ಮೀರಿದ ದೂರದಲ್ಲಿ.

ಈ ದಾರಿಯಲ್ಲಿ ಗೆದ್ದವರಿದ್ದಾರೆ. ಮೋಸದ ಇಮೇಲಿನಿಂದ ಖಾತೆಯ ಹಣ ಕಳೆದುಕೊಂಡ ಒಬ್ಬ ಗ್ರಾಹಕರಿಗೆ ಐಸಿಐಸಿಐ ಬ್ಯಾಂಕ್ 12.85 ಲಕ್ಷ ರೂಪಾಯಿ ಕೊಡಬೇಕೆಂದು ತಮಿಳುನಾಡಿನ ಅಧಿಕಾರಿ 2010ರ ಏಪ್ರಿಲ್‌ನಲ್ಲಿ ಆದೇಶಿಸಿದರು. ಬ್ಯಾಂಕಿನ ಮೇಲ್ಮನವಿ ತೀರ್ಮಾನವಾದದ್ದು 2019ರ ಜನವರಿಯಲ್ಲಿ. ಅಷ್ಟು ತಡವಾಗಲು ಒಂದು ಕಾರಣ ನಾಚಿಕೆಗೇಡಿನದು. ಸೈಬರ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರು 2011ರ ಜೂನ್‌ನಲ್ಲಿ ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರನ್ನೂ ಕೂರಿಸಲಿಲ್ಲ. 2017ರಲ್ಲಿ ಅದರ ಕೆಲಸವನ್ನು ದೂರಸಂಪರ್ಕ ನ್ಯಾಯಮಂಡಳಿಗೆ ಒಪ್ಪಿಸುವ ತನಕ ದೇಶಕ್ಕೆಲ್ಲ ಇದ್ದ ಒಂದೇ ಮೇಲ್ಮನವಿಯ ಬಾಗಿಲು ಮುಚ್ಚಿದಂತೆಯೇ ಇತ್ತು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಆ ಅರ್ಜಿಯನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಇಂಥದ್ದೊಂದು ಹೋರಾಟಕ್ಕೆ ಇಳಿದ ಆ ಹಿರಿಯರ ಋಣ ದೇಶದ ಮೇಲಿದೆ.

ಹಕ್ಕು ಸಿಕ್ಕಿತು, ಆದರೆ ಸೋರಿಕೆಯ ಸುದ್ದಿಯಾದರೂ ಮುಟ್ಟಿತೇ? 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು ಎರಡು ಕೋಟಿ ಗ್ರಾಹಕರ ವಿವರ ಮಾರಾಟಕ್ಕಿದೆ ಎಂದು ಸೈಬಲ್ ಎಂಬ ಭದ್ರತಾ ಸಂಸ್ಥೆ ಹೊರಗೆಡವಿತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಆದರೆ ವಿವರ ಸೋರಿದ ಗ್ರಾಹಕರಿಗೆ ಒಬ್ಬೊಬ್ಬರಾಗಿ ತಿಳಿಸಲೇಬೇಕು ಎಂಬ ಸ್ಪಷ್ಟ ನಿಯಮ ಆಗ ಇರಲಿಲ್ಲ.

ಆ ಕೊರತೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತುಂಬುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಸೋರಿಕೆಯಾದರೆ ತಡಮಾಡದೆ ಪ್ರತಿಯೊಬ್ಬ ಸಂತ್ರಸ್ತರಿಗೂ ತಿಳಿಸಬೇಕು, 72 ಗಂಟೆಗಳೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರ ಕೊಡಬೇಕು. ಕಾವಲು ಸರಿಯಿಲ್ಲದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಬರುವ ನಿಪ್ಪಾಣಿ, ಕಾಗವಾಡಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಜೊತೆಗೆ ಇದೇ ಕಾಯ್ದೆ ಹಳೆಯ 43ಎ ಕಲಮನ್ನು ತೆಗೆದುಹಾಕುತ್ತದೆ. ನಿಯಮಗಳ ವೇಳಾಪಟ್ಟಿಯಂತೆ ಮುಖ್ಯ ಭಾಗಗಳು ಜಾರಿಗೆ ಬರುವುದು 18 ತಿಂಗಳ ಬಳಿಕ, ಎಂದರೆ 2027ರ ಮೇ ತಿಂಗಳಲ್ಲಿ. ಮಂಡಳಿಯ ವ್ಯಾಪ್ತಿಯ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೂ ಪ್ರವೇಶವಿಲ್ಲ. 1879ರ ಕಾಯ್ದೆ ರೈತನ ಕೈಗೆ ಕಾಗದ ಕೊಟ್ಟಿತ್ತು. 2023ರ ಕಾಯ್ದೆ ಕಂಪನಿಯನ್ನು ದಂಡಿಸಿ, ನೊಂದವರನ್ನು ಬರಿಗೈಯಲ್ಲಿ ಕಳಿಸುತ್ತದೆ. ಇದು ಹಿನ್ನಡೆ, ತಿದ್ದಲೇಬೇಕಾದ ತಪ್ಪು.

ಇನ್ನು ಉಳಿದಿರುವ ಬಾಗಿಲುಗಳಲ್ಲಿ ಗಟ್ಟಿಯಾದದ್ದು ಗ್ರಾಹಕ ಆಯೋಗ. ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಕಾವಲಿನಲ್ಲಿ ನಿರ್ಲಕ್ಷ್ಯವಾಗಿದ್ದರೆ ಅದನ್ನು ಸೇವೆಯ ಲೋಪವೆಂದು ವಾದಿಸಬಹುದು. ಕಂಪನಿ ಮುಂಬಯಿಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಫಿರ್ಯಾದಿ ಹಾಕಬಹುದು. ರಾಯಬಾಗದವರಿಗೂ ಅಥಣಿಯವರಿಗೂ ಅದು ಬೆಳಗಾವಿ. ಸೇವೆಗೆ ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಒಂದೇ ಸೋರಿಕೆಯಲ್ಲಿ ಸಿಕ್ಕಿಬಿದ್ದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರಬಹುದು. ದೂರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಇದೆಲ್ಲ ಆಗಬೇಕು.

ಹಣವೇ ಹೋಗಿದ್ದರೆ ಲೆಕ್ಕ ಗಂಟೆಗಳದ್ದು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ನಂತರ ಬ್ಯಾಂಕಿಗೆ ಬರಹದಲ್ಲಿ ದೂರು. ಬ್ಯಾಂಕಿನದೂ ಖಾತೇದಾರನದೂ ತಪ್ಪಿಲ್ಲದೆ ಮೂರನೆಯವರ ಕಡೆಯಿಂದ ಸೋರಿಕೆಯಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಖಾತೇದಾರನಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ವಿಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇದನ್ನು ಅನ್ವಯಿಸಿತು. ಮರುವರ್ಷ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಮೇಲೆ ದಾಳಿಯಾಗಿ 94 ಕೋಟಿ ರೂಪಾಯಿ ಮಾಯವಾಯಿತು. ನಕಲಿ ಕಾರ್ಡು ಹಿಡಿದವರು ನಿಪ್ಪಾಣಿಯ ನೆರೆಯ ಕೊಲ್ಲಾಪುರದ ಎಟಿಎಂಗಳಿಂದಲೂ ಹಣ ತೆಗೆದಿದ್ದರು.

ಪತ್ತಿನ ಸಂಘ ಬ್ಯಾಂಕಲ್ಲ. ರಿಸರ್ವ್ ಬ್ಯಾಂಕಿನ ಈ ನಿಯಮ ಅದಕ್ಕೆ ತಾಗುವುದಿಲ್ಲ. ಠೇವಣಿ ಇಡುವಾಗ ಈ ಗಡಿ ತಾಲೂಕುಗಳ ಜನ ತಿಳಿದಿರಬೇಕಾದ ಮೊದಲ ಮಾತು ಇದು. ಬಹುರಾಜ್ಯ ಸಹಕಾರಿಯಾಗಿದ್ದರೆ, 2023ರ ತಿದ್ದುಪಡಿಯಿಂದ ಬಂದ ಸಹಕಾರಿ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಠೇವಣಿಯ ತಕರಾರಷ್ಟೇ ಅಲ್ಲ, ಸದಸ್ಯನ ವೈಯಕ್ತಿಕ ಹಕ್ಕಿಗೆ ಧಕ್ಕೆ ತರುವ ಇತರ ವಿಷಯಗಳೂ ಅವರ ವ್ಯಾಪ್ತಿಗೆ ಬರುತ್ತವೆ. ರಾಜ್ಯದ ಕಾಯ್ದೆಯಡಿ ನೋಂದಣಿಯಾದ ಸಂಘವಾದರೆ ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ಹೋಗಬೇಕು.

43ಎ ಅಡಿ ಪರಿಹಾರ ಕೇಳಬೇಕೆನ್ನುವವರು ಕಲಂ ಇರುವಾಗಲೇ ಅರ್ಜಿ ಹಾಕುವುದು ಒಳ್ಳೆಯದು. ಸೋರಿಕೆ ಕಲಂ ರದ್ದಾಗುವ ಮುಂಚೆಯೇ ಆಗಿದ್ದರೆ ಹುಟ್ಟಿದ ಹಕ್ಕು ಸಾಯುವುದಿಲ್ಲ ಎಂದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 6ನೇ ಕಲಮನ್ನು ಹಿಡಿದು ವಕೀಲರು ವಾದಿಸಬಹುದು. ಯಾವ ಬಾಗಿಲಿಗೆ ಹೋದರೂ ಕೇಳುವುದು ಪುರಾವೆ: ಕಂಪನಿ ಕಳಿಸಿದ ಸೂಚನೆ, ಬಂದ ಸಂದೇಶಗಳು, ಖಾತೆಯ ವಿವರ, ಪೊಲೀಸ್ ದೂರಿನ ಸ್ವೀಕೃತಿ, ಕಂಪನಿಗೆ ಬರೆದ ದೂರು ಮತ್ತು ಅದಕ್ಕೆ ಬಂದ ಉತ್ತರ. ಹೊಸ ಕಾಯ್ದೆಯಲ್ಲಂತೂ ಮೊದಲು ಕಂಪನಿಗೇ ದೂರು ಕೊಟ್ಟು, ಅಲ್ಲಿ ಬಗೆಹರಿಯದಿದ್ದರೆ ಮಾತ್ರ ಮಂಡಳಿಗೆ ಹೋಗಬೇಕು.